ಕಾಣುವವನ ಹೊಣೆ

ಪರಸ್ಪರ ಪ್ರಯೋಜನದ ಮೇಲೆ ನಿಂತ ಸಹಬಾಳ್ವೆಯನ್ನು ಧರ್ಮವೆಂದು ಕರೆಯಬಹುದೇ? ಈ ಪ್ರಶ್ನೆಯ ವಿಚಾರಕ್ಕೆ ಕೆಂಪು ಸಮುದ್ರದ ಹವಳದ ದಿಬ್ಬಗಳ ಬಳಿ ಮರಳಿನಲ್ಲಿ ವಾಸಿಸುವ ಎರಡು ಸಣ್ಣ ಜೀವಿಗಳ ಬಾಳು ಒಳ್ಳೆಯ ನಿದರ್ಶನವಾಗಿದೆ. ಒಂದು ಗೋಬಿ ಎಂಬ ಪುಟ್ಟ ಮೀನು, ಇನ್ನೊಂದು ಸೀಗಡಿ. ಒಂದೇ ಬಿಲದಲ್ಲಿ ಬಾಳುವ ಇವುಗಳ ಸಖ್ಯವನ್ನು ಲೂಥರ್ ಎಂಬ ಜರ್ಮನ್ ವಿಜ್ಞಾನಿ 1958ರಲ್ಲಿ ವರ್ಣಿಸಿದರು.

ಸೀಗಡಿಯ ದೃಷ್ಟಿ ಮಂದ; ಆದರೆ ಅದು ದುಡಿಮೆಗಾರ. ಹಗಲೆಲ್ಲ ಮರಳನ್ನು ಹೊರದೂಡಿ ಬಿಲವನ್ನು ತೋಡುತ್ತದೆ, ಕುಸಿದುದನ್ನು ಸರಿಪಡಿಸುತ್ತದೆ. ಮೀನು ಅಂತಹ ಬಿಲವನ್ನು ತೋಡಲಾರದು. ಆದರೆ ಅದರ ಕಣ್ಣು ಚುರುಕು. ಅದು ಬಿಲದ ಬಾಯಲ್ಲಿ ಕಾವಲಿರುತ್ತದೆ. ಸೀಗಡಿ ಹೊರಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡಿರುತ್ತದೆ. ಅಪಾಯದ ಸುಳಿವು ಕಂಡರೆ ಮೀನು ಬಾಲವನ್ನು ಅದುರಿಸುತ್ತದೆ. ಒಡನೆ ಸೀಗಡಿ ಒಳಸರಿಯುತ್ತದೆ. ಅಪಾಯ ತೀರ ಸಮೀಪಿಸಿದರೆ ಮೀನೂ ಒಳನುಗ್ಗುತ್ತದೆ.

ಇದನ್ನು ಕಂಡು ಮೀನನ್ನು ಪರೋಪಕಾರಿಯೆಂದು ಹೊಗಳುವುದು ಸುಲಭ. ಆದರೆ ಅದು ಸರಿಯಲ್ಲ. ಬಿಲವಿಲ್ಲದೆ ಮೀನಿಗೆ ಆಶ್ರಯವಿಲ್ಲ. ಸೀಗಡಿ ಅಳಿದರೆ ಬಿಲ ಉಳಿಯದು. ಅದರ ಎಚ್ಚರಿಕೆಯಲ್ಲಿ ಅದರ ಹಿತವೂ ಅಡಗಿದೆ. ಆಯ್ಕೆಯಿಲ್ಲದಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಮನುಷ್ಯನ ಸ್ಥಿತಿ ಬೇರೆ. ಅವನು ಅಪಾಯವನ್ನು ಕಂಡೂ ಸುಮ್ಮನಿರಬಲ್ಲ. ತಾನೊಬ್ಬನೇ ಒಳಸೇರಿ ಬಾಗಿಲಿಕ್ಕಿಕೊಳ್ಳಬಲ್ಲ. ಇಲ್ಲದ ಭಯವನ್ನು ಹುಟ್ಟಿಸಿ ದುಡಿಯುವವನನ್ನು ಆಳಲೂ ಬಲ್ಲ. ಧರ್ಮದ ಪ್ರಶ್ನೆ ಹುಟ್ಟುವುದೇ ಇಲ್ಲಿ.

ದುಡಿಮೆಗೆ ತಲೆಬಾಗಿದವನಿಗೆ ದೂರವನ್ನು ನೋಡುವ ಬಿಡುವಿರುವುದಿಲ್ಲ. ಸಾಲಪತ್ರದ ಒಕ್ಕಣೆಯನ್ನು ಓದಲರಿಯದ ರೈತ, ತಾನು ಸಿಂಪಡಿಸುವ ಔಷಧಿಯ ವಿಷವನ್ನರಿಯದ ಕೂಲಿಯಾಳು, ಇವರು ಬಲ್ಲವರನ್ನು ನಂಬಿ ಬಾಳುತ್ತಾರೆ. ಆ ಬಲ್ಲವನು ಉಣ್ಣುವ ಅನ್ನ, ವಾಸಿಸುವ ಮನೆ ಇವರ ಬೆವರಿನ ಫಲ. ಆದುದರಿಂದ ಅವನು ನೀಡುವ ಎಚ್ಚರಿಕೆ ಉಪಕಾರವಲ್ಲ, ಋಣಪರಿಹಾರ. ಹಾಗಾದರೆ ದುಡಿಯುವ ಶಕ್ತಿಯುಡುಗಿ, ಏನನ್ನೂ ಹಿಂದಿರುಗಿಸಲಾರದ ವೃದ್ಧನನ್ನು ಎಚ್ಚರಿಸಬೇಕಾಗಿಲ್ಲವೇ? ಅವನನ್ನೂ ಎಚ್ಚರಿಸಲೇಬೇಕು. ಪ್ರಯೋಜನವು ಸಹಬಾಳ್ವೆಯ ಮೊದಲ ಮೆಟ್ಟಿಲು ಮಾತ್ರ. ಅದು ಮುಗಿದ ಮೇಲೂ ಉಳಿಯುವ ಹೊಣೆಯೇ ಧರ್ಮ.

ಇನ್ನೊಂದು ಮಾತು. ಬಾಲ ಅದುರಿದುದು ಸೀಗಡಿಗೆ ತಿಳಿಯುವುದು ಮೈ ತಾಗಿರುವುದರಿಂದ. ದುಡಿಯುವವರಿಂದ ದೂರ ಸರಿದು, ಎತ್ತರದಲ್ಲಿ ನಿಂತು ಕೂಗುವವನ ಎಚ್ಚರಿಕೆ ಎಷ್ಟು ಸತ್ಯವಾಗಿದ್ದರೂ ಅವರನ್ನು ಮುಟ್ಟುವುದಿಲ್ಲ. ಕಣ್ಣುಳ್ಳವರು ಮೊದಲು ಅವರ ಬಳಿಗೆ ಬರಬೇಕು.