ಕೇಳಿಕೋ ಅಂದಾಗ ಏನು ಕೇಳ್ತೀರಿ?

ನಮ್ಮ ಚನ್ನಪಟ್ಟಣ ದಾಟಿದರೆ ಮದ್ದೂರು. ಆ ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನದ ಕಲ್ಲನ್ನು ನಾನು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ನೋಡಿದ್ದೇನೆ.

ಸುಮಾರು 949ರಲ್ಲಿ ತಕ್ಕೋಲದಲ್ಲಿ ಚೋಳರ ಜೊತೆ ಯುದ್ಧ. ಮಣಲೇರ ಎಂಬ ಯೋಧನ ಶೌರ್ಯ ಮೆಚ್ಚಿದ ಅರಸ, ಬೇಕಾದ್ದು ಕೇಳಿಕೋ ಅಂದ. ಅವನು ಕೇಳಿದ್ದು ಹೊನ್ನಲ್ಲ, ಕಾಳಿ ಎಂಬ ಬೇಟೆನಾಯಿ! ಮುಂದೆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಆ ಕಲ್ಲು ನಿಂತಿತು.

ಯುದ್ಧ ಕಂಡವನಿಗೆ ಗೊತ್ತು ಪ್ರಿಯರೇ, ಹೊನ್ನು ರಾತ್ರಿ ನಮ್ಮ ಪಕ್ಕದಲ್ಲಿ ಬಂದು ಕೂರಲ್ಲ. ಜೊತೆಗೊಂದು ಜೀವ ಬೇಕು.

ಆದಿಕಾಂಡ 14 ಓದಿ. ಅಬ್ರಾಮನೂ ಯುದ್ಧ ಗೆದ್ದ. ಸೊದೋಮಿನ ಅರಸನ ಆಸ್ತಿಯಲ್ಲಿ ಒಂದು ದಾರವೂ ಬೇಡ ಅಂದ. ಮುಂದಿನ ಅಧ್ಯಾಯದಲ್ಲಿ ದೇವರು ತಾನೇ ಅವನಿಗೆ ಗುರಾಣಿಯಾಗಿ ನಿಂತರು.

ನಾವು ಕೇಳೋದು ಕೆಲಸ, ವೀಸಾ, ಸೈಟು. ಕೇಳಿ, ತಪ್ಪಿಲ್ಲ. ಆದ್ರೆ ಅಷ್ಟೂ ಸಿಕ್ಕಿದ ಮೇಲೂ ಪಿ.ಜಿ. ರೂಮಿನಲ್ಲಿ ಒಂಟಿಯಾಗಿ ಅಳುವವರು ನಮ್ಮಲ್ಲೇ ಇದ್ದಾರೆ. ಈ ವಾರ ಮೊದಲು ಯೇಸುವನ್ನೇ ಕೇಳಿ. ಕಾಳಿಗೆ ಉಳಿದದ್ದು ಕಲ್ಲು. ನಮ್ಮ ಕರ್ತನ ಸಮಾಧಿಯ ಕಲ್ಲು ಉರುಳಿತು. ಆತನು ಜೊತೆಗಿದ್ದಾನೆ. ಆಮೆನ್.