ನಾಲ್ಕನೆಯ ಕಾಣಿಕೆ



ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಭಕ್ತನಿಂದ ಬಯಸಿದುದು ಎಲೆ, ಹೂವು, ಹಣ್ಣು, ನೀರು. ಮೊದಲ ಮೂರನ್ನು ಉದಕಮಂಡಲದ ಪೇಟೆಯಿಂದ ಕೊಂಡು ತರಬಹುದು. ನಾಲ್ಕನೆಯದಕ್ಕೆ ಮಾಘ ಫಾಲ್ಗುಣಗಳಲ್ಲಿ ನಮ್ಮ ಬೆಟ್ಟದ ಹಟ್ಟಿಗಳ ತಾಯಂದಿರು ಕೊಡ ಹಿಡಿದು ಕಾಯಬೇಕಾಗುತ್ತದೆ.

ಮುಂಗಾರು ಹಿಂಗಾರುಗಳೆರಡೂ ಸುರಿಯುವ ನಾಡಿನಲ್ಲಿ ಈ ಕೊರತೆಯೇಕೆ? ಲೆಕ್ಕ ಬರೆಯುವವನ ಮಾತಿನಲ್ಲಿ ಹೇಳುವುದಾದರೆ, ಮಳೆಯು ಜಮೆ. ಅದನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಯಾಗಿ ಬಿಡುತ್ತಿದ್ದ ಭಂಡಾರವೆಂದರೆ ಶೋಲೆಕಾಡು, ಹುಲ್ಲುಗಾವಲು, ಜೌಗುನೆಲ. 1843ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಕರ್ಪೂರದ ಮರವು ಹುಲ್ಲುಗಾವಲನ್ನು ಆಕ್ರಮಿಸಿ ಆ ಭಂಡಾರವನ್ನೇ ಹೀರಿತು. (ಮೈಸೂರು ಸೀಮೆಯವರು ಅದನ್ನು ನೀಲಗಿರಿ ಮರವೆನ್ನುವುದು ನಮ್ಮ ಬೆಟ್ಟಕ್ಕೆ ಹೊರಿಸಿದ ಅಪವಾದವೇ ಸರಿ!) ಕೋಟಗಿರಿಯ ಲಾಂಗ್‌ವುಡ್ ಶೋಲೆ ಉಳಿದುದರಿಂದ ಅದರ ಕೆಳಗಿನ ಹಟ್ಟಿಗಳಿಗೆ ಇಂದಿಗೂ ನೀರುಂಟು.

ಹೊಸದಾಗಿ ಶೋಭಿಸುತ್ತಿರುವ ಈ ಗುಡಿಯಲ್ಲಿ ಅಭಿಷೇಕಕ್ಕೆ ಕೊಡಗಟ್ಟಲೆ ಸುರಿಯಬೇಕೆ? ಒಂದು ಕಲಶ ಸಾಲದೆ? ಭಕ್ತಿ ಕುಂದೀತೆಂದು ಕೆಲವು ಹಿರಿಯರು ಅಂಜುವರು. ಬಾಯಾರಿದ ಮನೆಯಿಂದ ತಂದ ಕೊಡವನ್ನು ಸ್ವಾಮಿಯು ಸಂತೋಷದಿಂದ ಕೈಗೊಳ್ಳುವನೆಂದು ನಾನು ನಂಬಲಾರೆ. ಅಭಿಷೇಕದ ನೀರು ಚರಂಡಿಯ ಪಾಲಾಗದೆ ತುಳಸಿಗೂ ಹೂಗಿಡಗಳಿಗೂ ಹರಿಯಲಿ. ಕಾಲು ತೊಳೆಯಲು ನಲ್ಲಿಯನ್ನು ತೆರೆದಿಡದೆ ಚೊಂಬನ್ನಿಡೋಣ. ಗುಡಿಯ ಮಾಡಿನಿಂದಿಳಿಯುವ ಮಳೆನೀರಿಗೊಂದು ತೊಟ್ಟಿಯೂ ಬೇಕು. ಗಾರೆಯವರು ಇನ್ನೂ ಊರಲ್ಲೇ ಇದ್ದಾರೆ, ಮುಂಗಾರಿಗೆ ಮೊದಲೇ ಅದನ್ನು ಕಟ್ಟಿಸಿಬಿಡೋಣ.