ಅದೃಷ್ಟವೂ ಕಿಡಿಯೂ

ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದಕ್ಕೂ ಬೆಂಕಿಯ ಜ್ವಾಲೆ ಮೇಲ್ಮುಖವಾಗಿಯೇ ಏಳುವುದಕ್ಕೂ ಕಣ್ಣಿಗೆ ಕಾಣುವ ಕಾರಣ ದೊರೆಯದೆ, ವೈಶೇಷಿಕ ಸೂತ್ರಕಾರನಾದ ಕಣಾದನು ಅವೆರಡನ್ನೂ ಅದೃಷ್ಟದ ಲೆಕ್ಕಕ್ಕೆ ಬರೆದಿಟ್ಟನು. ಇದು ಲಾಟರಿಯ ಅದೃಷ್ಟವಲ್ಲ. ಕಾಣದ ಕಾರಣವೆಂದಷ್ಟೇ ಅರ್ಥ. ಎಂದೋ ಓದಿದ್ದ ಈ ಮಾತು ನೆನಪಾದದ್ದು ಒಂದು ಆಷಾಢದ ಮಧ್ಯಾಹ್ನ, ಬ್ರಹ್ಮಾವರದಿಂದ ಬೈಂದೂರಿಗೆ ಹೊರಟಿದ್ದ ನನ್ನ ಹಳೆಯ ಬೈಕು, ಎಡಕ್ಕೆ ಕಡಲೂ ಬಲಕ್ಕೆ ಸೌಪರ್ಣಿಕೆಯೂ ಇರುವ ಮರವಂತೆಯ ಹೆದ್ದಾರಿಯಲ್ಲಿ ಎರಡು ಬಾರಿ ಕೆಮ್ಮಿ ಸುಮ್ಮನಾದಾಗ.

ತ್ರಾಸಿಯವರೆಗೆ ತಳ್ಳಿಕೊಂಡು ಬಂದೆನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬಂಡಿಗಳಲ್ಲಿ ಕೈ ಪಳಗಿಸಿಕೊಂಡಿದ್ದ ಮುದುಕ ಮೆಕ್ಯಾನಿಕ್ "ಹ್ವಾಯ್, ಮೊದ್ಲ್ ಕಿಡಿ ಕಾಂಬ" ಎಂದು ಪ್ಲಗ್ ಬಿಚ್ಚಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿಟ್ಟು ಕಿಕ್ಕರ್ ಒತ್ತಿದನು. ಹಳದಿಯ, ಜೀವವಿಲ್ಲದ ಕಿಡಿ. ಪಾಯಿಂಟುಗಳ ಮುಖ ಸುಟ್ಟು ಗುಳಿಬಿದ್ದಿತ್ತು. ಉಜ್ಜಿ, ಫೀಲರ್ ಗೇಜ್ ತೂರಿಸಿ 0.4 ಮಿಲಿಮೀಟರ್ ಅಂತರವಿಟ್ಟರೂ ಕಿಡಿ ಬಲಿಯಲಿಲ್ಲ. ಪಾಯಿಂಟು ತೆರೆಯುವ ಕ್ಷಣದಲ್ಲಿ ವಿದ್ಯುತ್ತನ್ನು ತನ್ನೊಳಕ್ಕೆ ಸೆಳೆದುಕೊಳ್ಳಬೇಕಾದ ಕಂಡೆನ್ಸರ್ ಸತ್ತರೆ, ಕಿಡಿ ಪಾಯಿಂಟಿನಲ್ಲಿಯೇ ಹಾರಿ ವ್ಯರ್ಥವಾಗುವುದು. ಕಾಯಿಲಿನ ಕಾಂತಶಕ್ತಿ ಥಟ್ಟನೆ ಕುಸಿಯದೆ, ಪ್ಲಗ್ಗಿಗೆ ಬೇಕಾದ ಸಾವಿರಾರು ವೋಲ್ಟು ಹುಟ್ಟದು. ಬೇರೊಂದು ಕಂಡೆನ್ಸರ್ ಕಟ್ಟಿದೊಡನೆ ನೀಲಿ ಕಿಡಿ ಚಟ್ಟೆಂದಿತು. ನಾನು ಜೇಬಿಗೆ ಕೈಹಾಕುವಷ್ಟರಲ್ಲಿ ಆತನು ಅದನ್ನು ಬಿಚ್ಚಿ, ಸತ್ತ ಹಳೆಯದನ್ನೇ ಮತ್ತೆ ಕಟ್ಟಿ ಕಿಕ್ಕರ್ ಒತ್ತಿದನು! ಮತ್ತೆ ಅದೇ ಹಳದಿ. ಆಗಷ್ಟೇ ಆತನ ಮುಖದಲ್ಲಿ ಸಮಾಧಾನ ಕಂಡಿತು. ಅದಿದ್ದರೆ ಇದುಂಟು, ಅದಿಲ್ಲದಿದ್ದರೆ ಇದಿಲ್ಲ ಎಂದು ನೈಯಾಯಿಕರು ಹೇಳುವ ಅನ್ವಯವ್ಯತಿರೇಕಗಳಲ್ಲಿ ನಾನು ಅನ್ವಯಕ್ಕೇ ತೃಪ್ತನಾಗಿ ಮನೆಗೆ ಹೊರಟಿದ್ದೆನು.

ಕಣಾದನು ಅದೃಷ್ಟಕ್ಕೆ ಬಿಟ್ಟುಕೊಟ್ಟ ಅಯಸ್ಕಾಂತವೂ ಅಗ್ನಿಯೂ ಈ ಮುದುಕನ ಗ್ರೀಸು ಮೆತ್ತಿದ ಅಂಗೈಯಲ್ಲಿದ್ದವು. ಹಾಗಾದರೆ ದೃಷ್ಟವು ಬೆಳೆದಂತೆಲ್ಲ ಅದೃಷ್ಟವು ಸವೆದು ಒಂದು ದಿನ ಇಲ್ಲವಾಗುವುದೆ? ಹಾಗೆಂದು ತೀರ್ಮಾನಿಸುವ ಅವಸರ ನನಗಿಲ್ಲ. ಕಣಾದನು ಸೋತನೆಂದೂ ಹೇಳೆನು. ಕಾಣದ್ದನ್ನು ಕಾಣದ್ದೆಂದೇ ಬರೆದ ಪ್ರಾಮಾಣಿಕನಾತ. ಗೋಡೆಯ ಮೂಕಾಂಬಿಕೆಯ ಪಟದ ಮುಂದೆ ಬೆಳಗಿನ ಊದುಬತ್ತಿಯ ಬೂದಿಯಿತ್ತು. ಕಿಡಿ ಹುಡುಕುವಾಗ ಮುದುಕನು ಒಮ್ಮೆಯೂ ಅತ್ತ ನೋಡಿರಲಿಲ್ಲ.

ಇದು ಇವತ್ತೇ, ಈ ಮಳೆಯಲ್ಲೇ ಏಕೆ ಸಾಯಬೇಕಿತ್ತೆಂದು ಕೇಳಿದೆನು.

"ಸತ್ತದ್ ಹ್ಯಾಂಗ್ ಅಂದೇಳಿ ನಾನ್ ಹೇಳ್ತೆ. ಇವತ್ತೇ ಯಾಕ್ ಅಂದೇಳಿ ಅಮ್ಮನ ಹತ್ರ ಕೇಣಿ" ಎಂದು ಸ್ಕ್ರೂಡ್ರೈವರನ್ನು ಕೊಲ್ಲೂರಿನ ದಿಕ್ಕಿಗೊಮ್ಮೆ ಆಡಿಸಿ, ಆತನು ಹೊಸ ಕಂಡೆನ್ಸರನ್ನು ಬಿಗಿಯತೊಡಗಿದನು.